ಮತ್ತೆ ಶುರು ಮಾಡೋಣ, ಈ ಸಲ ಜೊತೆಯಾಗಿ

ತೂಕ ಇಳಿಸಲು ಹತ್ತು ಸಲ ಹೊರಟು ಹತ್ತು ಸಲವೂ ಕೈಬಿಟ್ಟ ಅಜ್ಜ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಶಾಲೆಯಲ್ಲಿ ‘ಡುಮ್ಮ’, ‘ಡುಮ್ಮಿ’ ಎನ್ನಿಸಿಕೊಂಡು ಮುಖ ಸಣ್ಣ ಮಾಡಿಕೊಂಡು ಬರುವ ಮೊಮ್ಮಕ್ಕಳೂ ಇದ್ದಾರೆ. ಇಬ್ಬರೂ ಕೂತು ಓದಬೇಕಾದ ಲೇಖನ ಇದು.

ಜನವರಿ ಒಂದನೇ ತಾರೀಕು ಬೆಳಿಗ್ಗೆ ಬೆಂಗಳೂರಿನ ಲಾಲ್‌ಬಾಗ್, ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆ, ಮಂಗಳೂರಿನ ಕದ್ರಿ ಪಾರ್ಕು, ಎಲ್ಲಿಗೆ ಹೋದರೂ ನಡೆಯುವವರ ಜಾತ್ರೆ. ಹೊಸ ಶೂ, ಹೊಸ ಟೀ ಶರ್ಟು, ಕೈಯಲ್ಲಿ ನೀರಿನ ಬಾಟಲಿ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ಜಾತ್ರೆ ಅರ್ಧ ಕರಗಿರುತ್ತದೆ. ವರ್ಷಗಟ್ಟಲೆ ಬರುವ ಹಳಬರು ಮಾತ್ರ ಉಳಿಯುತ್ತಾರೆ. ಹೊಸಬರ ಶೂಗಳು ಬಾಗಿಲ ಹಿಂದಿನ ಸ್ಟ್ಯಾಂಡಿನಲ್ಲಿ ದೂಳು ಹಿಡಿಯುತ್ತವೆ.

ಯುಗಾದಿಗೆ ಮತ್ತೊಂದು ಸಂಕಲ್ಪ. ದೀಪಾವಳಿ ಕಳೆದ ಮೇಲೆ ಇನ್ನೊಂದು. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, “ಮತ್ತೆ ಶುರುವಾಯ್ತಾ? ಇದು ಎಷ್ಟನೇ ಸಲ?” ಕೇಳಿದವರಿಗೆ ಅದು ತಮಾಷೆ. ಚಿಕ್ಕಂದಿನಿಂದ ತೂಕದ ಜೊತೆ ಗುದ್ದಾಡಿಕೊಂಡೇ ಬಂದವರಿಗೆ ಆ ಮಾತು ಶೂ ಬಿಚ್ಚಿಡಲು ಸಾಕು. ‘ನನ್ನಲ್ಲೇ ಏನೋ ಕೊರತೆ, ನನಗೆ ಮನೋಬಲ ಇಲ್ಲ’ ಎಂದುಕೊಂಡು ಸುಮ್ಮನಾಗಿಬಿಡುತ್ತಾರೆ.

ಅದು ನಿಜವಲ್ಲ. ಇಳಿದ ತೂಕ ಮತ್ತೆ ಏರುವುದಕ್ಕೆ ದೇಹದೊಳಗೇ ಕಾರಣಗಳಿವೆ. ಅವು ಗೊತ್ತಾದರೆ ಮತ್ತೆ ಶುರು ಮಾಡುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಹೇಗೆ ಶುರು ಮಾಡಿದರೆ ಉಳಿದೀತು ಎಂಬುದೂ ತಿಳಿಯುತ್ತದೆ.

ಲಂಡನ್ನಿನ ಬ್ಯಾಂಟಿಂಗ್ ಸಾಹೇಬರು

ಮೊದಲು ಒಂದು ನಿಜಕತೆ. ನೂರೈವತ್ತು ವರ್ಷಗಳಿಗೂ ಹಿಂದೆ ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬವರಿದ್ದರು. ಶವಪೆಟ್ಟಿಗೆ ಒದಗಿಸಿ, ಅಂತ್ಯಕ್ರಿಯೆಯ ಏರ್ಪಾಡು ನೋಡಿಕೊಳ್ಳುವುದು ಅವರ ಮನೆತನದ ಕಸುಬು. ರಾಜಮನೆತನದ ಕೆಲಸವೂ ಅವರಿಗೇ ಬರುತ್ತಿತ್ತು. ಹಣಕ್ಕೆ, ಗೌರವಕ್ಕೆ ಕೊರತೆಯಿರಲಿಲ್ಲ. ಅವರನ್ನು ಕಾಡುತ್ತಿದ್ದುದು ಮೈ ಭಾರ.

ಎತ್ತರ ಐದಡಿ ಐದಂಗುಲ, ತೂಕ ಸುಮಾರು 92 ಕಿಲೋ. ಬಗ್ಗಿ ಶೂ ಲೇಸು ಕಟ್ಟಿಕೊಳ್ಳಲು ಆಗದು. ಮೆಟ್ಟಿಲಿಳಿಯುವಾಗ ಮೊಣಕಾಲಿಗೆ ಪೆಟ್ಟು ಬೀಳಬಾರದೆಂದು ಹಿಮ್ಮುಖವಾಗಿ, ನಿಧಾನಕ್ಕೆ ಇಳಿಯುತ್ತಿದ್ದರು. ಸುಮಾರು ಮೂವತ್ತು ವರ್ಷ ಅವರು ಮಾಡದ ಪ್ರಯತ್ನವಿಲ್ಲ. ಬೆಳಿಗ್ಗೆ ಎದ್ದು ಗಂಟೆಗಟ್ಟಲೆ ದೋಣಿಗೆ ಹುಟ್ಟು ಹಾಕಿದರು. ತೋಳಿಗೆ ಬಲ ಬಂತು, ಅದರ ಜೊತೆಗೆ ಹಸಿವೂ ಹೆಚ್ಚಿತು. ಸಮುದ್ರಸ್ನಾನ, ಕುದುರೆ ಸವಾರಿ, ಔಷಧಿ ನೀರಿನ ಬುಗ್ಗೆಗಳಿರುವ ಊರುಗಳಿಗೆ ಪ್ರವಾಸ, ಲೆಕ್ಕವಿಲ್ಲದಷ್ಟು ಹಬೆಸ್ನಾನ, ಎಲ್ಲ ಆಯಿತು. ತೂಕ ಮಾತ್ರ ಜಗ್ಗಲಿಲ್ಲ.

1862ರಲ್ಲಿ, ತಮ್ಮ 65ನೇ ವಯಸ್ಸಿನಲ್ಲಿ, ಕಿವಿ ಮಂದವಾಯಿತೆಂದು ಅವರು ವಿಲಿಯಂ ಹಾರ್ವೆ ಎಂಬ ವೈದ್ಯರ ಬಳಿ ಹೋದರು. ಹಾರ್ವೆ ಕಿವಿ ನೋಡಿದರು, ಜೊತೆಗೆ ತಟ್ಟೆಯ ವಿಷಯವನ್ನೂ ಕೇಳಿದರು. ಬ್ರೆಡ್ಡು, ಸಕ್ಕರೆ, ಬೆಣ್ಣೆ, ಬಿಯರು, ಆಲೂಗಡ್ಡೆ ಬಿಡಲು ಹೇಳಿದರು. ವರ್ಷದೊಳಗೆ ಸುಮಾರು 21 ಕಿಲೋ ಇಳಿಯಿತು. ಮೆಟ್ಟಿಲು ಇಳಿಯುವುದು ಸಲೀಸಾಯಿತು. ಅದರ ಸಂತೋಷಕ್ಕೆ 1863ರಲ್ಲಿ ಬ್ಯಾಂಟಿಂಗ್ ಒಂದು ಪುಟ್ಟ ಪುಸ್ತಕ ಬರೆದು, ಮೊದಲು ಪುಕ್ಕಟೆಯಾಗಿಯೇ ಹಂಚಿದರು. ಅದು ಎಷ್ಟು ಹೆಸರಾಯಿತೆಂದರೆ, ಸ್ವೀಡನ್ ದೇಶದ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ ‘ಬಾಂಟ’ ಎಂದೇ ಹೇಳುತ್ತಾರೆ. ಅವರು 1878ರಲ್ಲಿ ತೀರಿಕೊಂಡಾಗ ವಯಸ್ಸು 81.

ಅವರ ಊಟದ ಪಟ್ಟಿಯನ್ನು ನಾವು ನಕಲು ಮಾಡಬೇಕಿಲ್ಲ. ಅದರಲ್ಲಿ ಮಾಂಸ, ಮದ್ಯ ಎರಡೂ ಧಾರಾಳವಾಗಿದ್ದವು. ಆದರೆ ಮೂವತ್ತು ವರ್ಷ ಸೋತವರು 65ರಲ್ಲಿ ಮತ್ತೊಮ್ಮೆ ಹೊರಟರು ಎಂಬುದನ್ನು ನೆನಪಿಡೋಣ. ಇನ್ನೊಂದು ಸಂಗತಿ. ದಾರಿಹೋಕರ, ಸಹಪ್ರಯಾಣಿಕರ ಕುಹಕದ ಮಾತಿಗೆ ಹೆದರಿ ಜನರ ನಡುವೆ ಓಡಾಡುವುದೇ ಕಷ್ಟವಾಗಿತ್ತೆಂದು ಅವರು ಆ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಆ ವಿಷಯಕ್ಕೆ ಮುಂದೆ ಬರೋಣ.

ಒಳಗೆ ಕುಳಿತ ಲೆಕ್ಕಿಗ

ಮನೆಗೆ ಬರುವ ಹಣ ಒಂದು ತಿಂಗಳು ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ಅಜ್ಜಿ ಏನು ಮಾಡುತ್ತಾರೆ? ಬೇಡದ ದೀಪ ಆರಿಸುತ್ತಾರೆ, ಹಾಲು ಅರ್ಧ ಲೀಟರು ಕಡಿಮೆ ತರಿಸುತ್ತಾರೆ, ಬಂದ ಕಾಸನ್ನು ಡಬ್ಬಿಯಲ್ಲಿ ಭದ್ರವಾಗಿ ಇಡುತ್ತಾರೆ. ನಮ್ಮ ದೇಹವೂ ಹೀಗೆಯೇ. ಊಟ ಇದ್ದಕ್ಕಿದ್ದಂತೆ ಕಡಿಮೆಯಾದರೆ ಬರಗಾಲ ಬಂತೆಂದೇ ಅದು ತಿಳಿಯುತ್ತದೆ. ಖರ್ಚು ತಗ್ಗಿಸುತ್ತದೆ. ‘ತಿನ್ನು, ತಿನ್ನು’ ಎಂಬ ಹಸಿವಿನ ಕೂಗನ್ನು ಜೋರು ಮಾಡುತ್ತದೆ.

ಇದನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಕಂಡುಕೊಂಡಿದ್ದರು. 1944ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಯುದ್ಧದಿಂದ ಹಸಿದವರಿಗೆ ಮತ್ತೆ ಹೇಗೆ ಊಟ ಕೊಡಬೇಕೆಂದು ತಿಳಿಯುವುದು ಅದರ ಉದ್ದೇಶ. ಅದಕ್ಕೆ 36 ಮಂದಿ ಆರೋಗ್ಯವಂತ ಯುವಕರು ತಾವಾಗಿ ಒಪ್ಪಿ ಬಂದರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ತೂಕದ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಎದೆಬಡಿತ ನಿಧಾನವಾಯಿತು, ಯಾವಾಗಲೂ ಚಳಿ ಎನ್ನಿಸತೊಡಗಿತು. ಊಟದ ವಿಷಯ ಬಿಟ್ಟು ಬೇರೆ ಯೋಚನೆಯೇ ಇಲ್ಲ. ಕೆಲವರು ಅಡುಗೆ ಪುಸ್ತಕಗಳನ್ನು ಕತೆ ಪುಸ್ತಕದಂತೆ ಓದುತ್ತಿದ್ದರು. ಊಟ ಮತ್ತೆ ಸಿಕ್ಕಾಗ ಎಷ್ಟು ತಿಂದರೂ ತೃಪ್ತಿಯಿಲ್ಲ. ಇವರು ಯಾರೂ ಮನೋಬಲವಿಲ್ಲದವರಲ್ಲ. ದೇಹ ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ.

1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ‘ಲೆಪ್ಟಿನ್’ ಎಂಬ ಹಾರ್ಮೋನನ್ನು ಕಂಡುಹಿಡಿದರು. ನಮ್ಮ ಕೊಬ್ಬಿನ ಕಣಗಳು ಇದನ್ನು ತಯಾರಿಸಿ ಮಿದುಳಿಗೆ ‘ಉಗ್ರಾಣ ತುಂಬಿದೆ, ಚಿಂತೆಯಿಲ್ಲ’ ಎಂಬ ಸುದ್ದಿ ಕಳಿಸುತ್ತವೆ. ಕೊಬ್ಬು ಕರಗಿದರೆ ಲೆಪ್ಟಿನ್ ಇಳಿಯುತ್ತದೆ. ‘ಉಗ್ರಾಣ ಖಾಲಿ’ ಎಂದು ಮಿದುಳು ಗಾಬರಿಯಾಗಿ ಹಸಿವು ಹೆಚ್ಚಿಸುತ್ತದೆ.

ಅಮೆರಿಕದಲ್ಲಿ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದಿತ್ತು. ಅದರಲ್ಲಿದ್ದ 14 ಮಂದಿಯನ್ನು ಆರು ವರ್ಷದ ಮೇಲೆ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಸ್ಪರ್ಧೆಯಲ್ಲಿ ಅವರು ಸರಾಸರಿ 58 ಕಿಲೋ ಇಳಿಸಿದ್ದರು. ಆರು ವರ್ಷದಲ್ಲಿ ಸರಾಸರಿ 41 ಕಿಲೋ ಮರಳಿ ಬಂದಿತ್ತು. ಅವರ ದೇಹ ಸುಮ್ಮನೆ ಮಲಗಿದ್ದಾಗ ಸುಡುತ್ತಿದ್ದ ಶಕ್ತಿ, ಅವರ ತೂಕಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಅವಸರದಲ್ಲಿ ಇಳಿಸಿದ್ದನ್ನು ದೇಹ ವರ್ಷಗಟ್ಟಲೆ ಮರೆತಿರಲಿಲ್ಲ.

ಹಾಗಾಗಿ ‘ತಿಂಗಳಿಗೆ ಹತ್ತು ಕಿಲೋ’ ಎಂಬ ಜಾಹೀರಾತು ಕಂಡರೆ ಪುಟ ಮಗುಚಿ. ಒಳಗಿನ ಲೆಕ್ಕಿಗನ ಜೊತೆ ಜಗಳವಾಡಿ ಗೆದ್ದವರು ಕಡಿಮೆ. ಅವನಿಗೆ ಗಾಬರಿಯಾಗದಂತೆ ಮೆಲ್ಲಗೆ ಹೆಜ್ಜೆ ಇಡಬೇಕು.

ಗೆದ್ದವರು ಏನು ಮಾಡುತ್ತಾರೆ?

ಹಾಗಾದರೆ ಯಾರಿಗೂ ಆಗಿಲ್ಲವೇ? ಆಗಿದೆ. 1994ರಲ್ಲಿ ಅಮೆರಿಕದಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬ ಇಬ್ಬರು ಸಂಶೋಧಕರು ಒಂದು ದಾಖಲೆ ಪುಸ್ತಕ ತೆರೆದರು. ಕನಿಷ್ಠ 13.6 ಕಿಲೋ ಇಳಿಸಿ, ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಸಿಕೊಂಡವರಿಗೆ ಅದರಲ್ಲಿ ಜಾಗ. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ತಾವಾಗಿ ಬಂದವರ ಪಟ್ಟಿಯಾದ್ದರಿಂದ ಇದು ಎಲ್ಲರ ಕತೆಯಲ್ಲ. ಆದರೂ ಕಲಿಯಲು ಬೇಕಾದಷ್ಟಿದೆ.

ಅವರಲ್ಲಿ ಹೆಚ್ಚಿನವರು ಹಿಂದೆ ಪ್ರಯತ್ನಿಸಿ ಸೋತವರೇ! ಗೆದ್ದಾಗ ಅವರು ಹಿಡಿದ ದಾರಿ ಬೇರೆ ಬೇರೆ. ಉಳಿಸಿಕೊಂಡ ಅಭ್ಯಾಸಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಬಹುಪಾಲು ಮಂದಿ ಬೆಳಗಿನ ತಿಂಡಿ ತಪ್ಪಿಸುವುದಿಲ್ಲ. ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಟಿ.ವಿ. ಮುಂದೆ ಕೂರುವುದು ಕಡಿಮೆ. ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಆಡಿಸುತ್ತಾರೆ, ಅದರಲ್ಲಿ ಹೆಚ್ಚಿನವರದು ಸಾದಾ ನಡಿಗೆ. ಪವಾಡದ ಪುಡಿ ಇಲ್ಲ, ವಿದೇಶಿ ಹಣ್ಣು ಇಲ್ಲ.

ಅಭ್ಯಾಸ ಕೂಡಿಬರಲು ಎಷ್ಟು ದಿನ ಬೇಕು? ಲಂಡನ್ನಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ಸ್ವಲ್ಪ ಓಡುವುದು, ಹೀಗೆ ಒಬ್ಬೊಬ್ಬರದು ಒಂದೊಂದು ಅಭ್ಯಾಸ. ಅದು ಯೋಚಿಸದೆ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ ಬೇಕಾದದ್ದು 66 ದಿನ. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ಹಾಳಾಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು.

ಇದನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ. ಮದುವೆ ಮನೆಯಲ್ಲಿ ಎರಡು ಹೋಳಿಗೆ ಹೆಚ್ಚಾಯಿತೇ? ಮಳೆ ಬಂದು ನಡಿಗೆ ತಪ್ಪಿತೇ? ಆಗಲಿ. ನಾಳೆ ಬೆಳಿಗ್ಗೆ ಶೂ ಹಾಕಿಕೊಳ್ಳಿ. ‘ಇವತ್ತು ಕೆಟ್ಟಿತು, ಇನ್ನು ಮುಂದಿನ ತಿಂಗಳಿಂದ ನೋಡೋಣ’ ಎನ್ನುವುದರಿಂದಲೇ ನಷ್ಟ ದೊಡ್ಡದಾಗುವುದು.

ಮರವೂ ಬಗ್ಗಿತು!

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬ ಗಾದೆಯನ್ನು ಅಜ್ಜಂದಿರು ಮಕ್ಕಳಿಗೆ ಹೇಳುತ್ತಾರೆ. ತಮಗೂ ಹೇಳಿಕೊಂಡು ಸುಮ್ಮನಾಗುವುದುಂಟು. ಇಲ್ಲಿ ಗಾದೆಯನ್ನು ಸ್ವಲ್ಪ ತಿದ್ದಬೇಕಾಗಿದೆ.

ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 86ರಿಂದ 96 ವರ್ಷದ ಹತ್ತು ಮಂದಿಗೆ ಮಾರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ತಂಡದವರು ಕಾಲಿನ ಸ್ನಾಯುಗಳಿಗೆ ಭಾರ ಎತ್ತುವ ವ್ಯಾಯಾಮ ಕಲಿಸಿದರು. ಎಂಟೇ ವಾರ. 1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174 ಶೇಕಡ ಹೆಚ್ಚಿತ್ತು. ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಇಬ್ಬರು ಕೋಲು ಬಿಟ್ಟು ನಡೆಯತೊಡಗಿದ್ದರು.

ವಯಸ್ಸಾದವರಿಗೆ ಸ್ನಾಯುವೇ ಆಸ್ತಿ. ಅರವತ್ತು ದಾಟಿದ ಮೇಲೆ ಅದು ಬೇಗ ಬೇಗ ಕರಗುತ್ತದೆ. ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಆಗ ಬಚ್ಚಲುಮನೆಯಲ್ಲಿ ಕಾಲು ಜಾರಿದರೆ ಸಾವರಿಸಿಕೊಳ್ಳುವ ಬಲ ಇರುವುದಿಲ್ಲ. ಆದ್ದರಿಂದ ಅಜ್ಜ ಅಜ್ಜಿಯರು ಕಿಲೋ ಲೆಕ್ಕಕ್ಕಿಂತ ಮೊದಲು ಕಾಲಿನ ಲೆಕ್ಕ ಹಿಡಿಯುವುದು ಒಳ್ಳೆಯದು.

ಅದಕ್ಕೆ ಜಿಮ್ ಬೇಕಿಲ್ಲ. ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ಏಳಿ, ಮೆಲ್ಲಗೆ ಕುಳಿತುಕೊಳ್ಳಿ. ಆಗದಿದ್ದರೆ ಮೊದಮೊದಲು ಕೈ ಊರಿ. ಐದು ಸಲದಿಂದ ಶುರು ಮಾಡಿ ಹತ್ತಕ್ಕೆ ಏರಿಸಿ. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಅದನ್ನೇ ಹಿಡಿದು ಒಂದು ಕಾಲ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ. ಎಣಿಸುವ ಕೆಲಸ ಮೊಮ್ಮಗುವಿಗೆ ಕೊಡಿ. ಕಳ್ಳ ಲೆಕ್ಕಕ್ಕೆ ಅವಕಾಶವೇ ಇರುವುದಿಲ್ಲ!

ನಡಿಗೆಯ ವಿಷಯ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದು ಹುಟ್ಟಿದ್ದು ವೈದ್ಯರ ಕೋಣೆಯಲ್ಲಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದು ‘ಮಾನ್‌ಪೊ-ಕೇ’ ಎಂದು ಹೆಸರಿಟ್ಟಿತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಅದರ ಅರ್ಥ. ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 2019ರಲ್ಲಿ ಬಂತು. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಹೆಜ್ಜೆ ಇಡುವವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹತ್ತು ಸಾವಿರ ಆಗಲಿಲ್ಲವೆಂದು ಕೊರಗಬೇಡಿ. ಇವತ್ತು ಎಷ್ಟು ನಡೆಯುತ್ತೀರೋ ಅದಕ್ಕೆ ಹತ್ತು ನಿಮಿಷ ಸೇರಿಸಿ.

ಎಷ್ಟು ಜೋರಾಗಿ ನಡೆಯಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ. ದೊಡ್ಡವರಿಗೆ ವಾರಕ್ಕೆ ಇಂಥ ನಡಿಗೆ ಕನಿಷ್ಠ 150 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎದೆನೋವು, ತಲೆಸುತ್ತು, ಹೆಚ್ಚಿನ ಏದುಸಿರು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿ. ಹೃದಯದ ತೊಂದರೆ, ಮೊಣಕಾಲು ನೋವು ಇದ್ದವರು ಮೊದಲೇ ಕೇಳಿಕೊಂಡು ಶುರು ಮಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡುವಂತಿಲ್ಲ. ರಕ್ತದ ಸಕ್ಕರೆ ದಿಢೀರನೆ ಇಳಿದರೆ ಅಪಾಯ.

ತಟ್ಟೆಯ ಲೆಕ್ಕ

ಪುಟಾಣಿಗಳೇ, ಒಂದು ಲೆಕ್ಕ ಮಾಡಿ. ಒಬ್ಬರು ದಿನಕ್ಕೆ ಮೂರು ಲೋಟ ಕಾಫಿ ಕುಡಿಯುತ್ತಾರೆ. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ 5 ಗ್ರಾಂ. ವರ್ಷಕ್ಕೆ ಎಷ್ಟಾಯಿತು?

ಉತ್ತರ: ದಿನಕ್ಕೆ 30 ಗ್ರಾಂ, ತಿಂಗಳಿಗೆ 900 ಗ್ರಾಂ, ವರ್ಷಕ್ಕೆ ಸುಮಾರು 11 ಕಿಲೋ! ಕಾಫಿಯೊಂದರಲ್ಲೇ ಇಷ್ಟು. ಚಮಚವನ್ನು ಎರಡರಿಂದ ಒಂದಕ್ಕೆ ಇಳಿಸಿದರೆ ಐದೂವರೆ ಕಿಲೋ ಸಕ್ಕರೆ ಹೊಟ್ಟೆಗೆ ಹೋಗುವುದು ತಪ್ಪುತ್ತದೆ. ಎರಡು ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆಯೂ ಜಗಳವಾಡುವುದಿಲ್ಲ. ತಂಪು ಪಾನೀಯದ ಬಾಟಲಿಯ ಹಿಂದೆ ಸಕ್ಕರೆಯ ಪ್ರಮಾಣ ಬರೆದಿರುತ್ತದೆ. ಅದನ್ನು 5ರಿಂದ ಭಾಗಿಸಿ ಚಮಚದ ಲೆಕ್ಕ ಹಾಕಿ, ಅಜ್ಜನಿಗೆ ಓದಿ ಹೇಳಿ.

ಎಣ್ಣೆಯದೂ ಹಾಗೆಯೇ. ಒಂದು ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿ. ತುಪ್ಪದಲ್ಲೂ ಹೆಚ್ಚುಕಡಿಮೆ ಅಷ್ಟೇ. ಡಬ್ಬಿಯಿಂದ ನೇರವಾಗಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕಿದರೆ ಸಾಕು, ತಿಂಗಳ ಕೊನೆಯಲ್ಲಿ ಡಬ್ಬಿಯೇ ವ್ಯತ್ಯಾಸ ಹೇಳುತ್ತದೆ.

ರಾಗಿಯ ಬಗ್ಗೆ ಒಂದು ಮಾತು. ರಾಗಿ ತಿಂದರೆ ತೂಕ ಇಳಿಯುತ್ತದೆಂದು ಬಹಳ ಮಂದಿ ನಂಬುತ್ತಾರೆ. ಒಂದೇ ತೂಕದ ರಾಗಿಹಿಟ್ಟಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೆ ರಾಗಿಯಲ್ಲಿ ನಾರು ಹೆಚ್ಚು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಬೆಳೆಯುವ ಮಕ್ಕಳ ಮೂಳೆಗೂ ಸವೆಯುವ ಅಜ್ಜಿಯ ಮೂಳೆಗೂ ಅದು ಬೇಕು. ಮೂರು ಮುದ್ದೆ ಉಂಡು ‘ರಾಗಿ ತಾನೇ’ ಎಂದರೆ ಆಗದು. ಒಂದು ಹದವಾದ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು ಅಥವಾ ಕಾಳಿನ ಹುಳಿ, ಪಕ್ಕದಲ್ಲಿ ಸೌತೆಕಾಯಿ ಕೋಸಂಬರಿ, ಕೊನೆಗೆ ಮಜ್ಜಿಗೆ. ಜೋಳದ ರೊಟ್ಟಿಯವರು ಅದರ ಜೊತೆ ಕಾಳುಪಲ್ಯ, ಹಸಿ ಸೊಪ್ಪು, ಮೊಸರು ಇಟ್ಟುಕೊಳ್ಳಿ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಹೆಸರುಕಾಳಿನ ಪಲ್ಯ ಅಥವಾ ಮೀನು. ನಮ್ಮ ಹಳೆಯ ಊಟಗಳಲ್ಲೇ ಎಲ್ಲ ಇದೆ. ಕೆಡಿಸಿದ್ದು ಅವುಗಳ ನಡುವೆ ನುಗ್ಗಿದ ಬೋಂಡ, ಬಿಸ್ಕತ್ತು, ಮಿಕ್ಸ್ಚರು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಸಲಹೆಯೂ ಸರಳ. ತಟ್ಟೆಯ ಅರ್ಧ ತರಕಾರಿ, ಸೊಪ್ಪು, ಹಣ್ಣು. ಉಳಿದ ಅರ್ಧದಲ್ಲಿ ಧಾನ್ಯ, ಬೇಳೆಕಾಳು, ಮೊಟ್ಟೆ, ಮಾಂಸ ಇತ್ಯಾದಿ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಮುಕ್ಕಾಲು ತಟ್ಟೆ ಅನ್ನವೇ ಇರುತ್ತದೆ. ಪಲ್ಯವನ್ನು ಮೊದಲು ಬಡಿಸಿ, ಅನ್ನವನ್ನು ಆಮೇಲೆ ಬಡಿಸಿ ನೋಡಿ. ತಟ್ಟೆ ತಾನಾಗಿ ಬದಲಾಗುತ್ತದೆ. ಹಬ್ಬದ ಹೋಳಿಗೆ ಹಬ್ಬಕ್ಕಿರಲಿ, ಅದನ್ನು ಖುಷಿಯಾಗಿ ತಿನ್ನಿ.

ತೆಳ್ಳಗಿರುವವರೂ ಬನ್ನಿ

‘ನಾನು ಸಣ್ಣಗಿದ್ದೇನೆ, ನನಗೇಕೆ?’ ಎನ್ನುವವರಿಗೆ ಇನ್ನೊಂದು ಕತೆ. 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯ ವಿಜ್ಞಾನಿಗಳ ಚಿತ್ರ ಅಕ್ಕಪಕ್ಕ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಎತ್ತರ ಮತ್ತು ತೂಕ ಹೋಲಿಸುವ ಸೂಚ್ಯಂಕ, ಅಂದರೆ ಬಿಎಂಐ, ಒಂದೇ: 22.3. ಇಬ್ಬರೂ ತೆಳ್ಳಗೆ. ಆದರೆ ದೇಹದ ಕೊಬ್ಬು ಅಳೆದಾಗ ಯುಡ್ಕಿನ್ನರದು 9.1 ಶೇಕಡ, ಯಾಜ್ಞಿಕರದು 21.2 ಶೇಕಡ! ನಾವು ಭಾರತೀಯರು ಹೊರಗೆ ತೆಳ್ಳಗೆ ಕಂಡರೂ ಒಳಗೆ, ಮುಖ್ಯವಾಗಿ ಹೊಟ್ಟೆಯ ಸುತ್ತ, ಕೊಬ್ಬು ತುಂಬಿಕೊಳ್ಳುವವರು. ಹಾಗಾಗಿ ನಮ್ಮಲ್ಲಿ ಬಿಎಂಐ 23 ದಾಟಿದರೇ ಎಚ್ಚರಿಕೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಹೆಂಗಸರದು 80 ಸೆಂಟಿಮೀಟರು ಮೀರಬಾರದು. ಟೈಲರ್ ಟೇಪು ಸಾಕು.

ಅಂದರೆ ಮನೆಯಲ್ಲಿ ದಪ್ಪಗಿರುವ ಒಬ್ಬರಿಗೆ ಮಾತ್ರ ಪಥ್ಯ, ಉಳಿದವರಿಗೆ ಬಜ್ಜಿ ಎಂಬ ವ್ಯವಸ್ಥೆ ಸರಿಯಲ್ಲ. ಅದು ನಡೆಯುವುದೂ ಇಲ್ಲ. ಬಾಣಲೆಯ ವಾಸನೆ ಮೂಗಿಗೆ ಬಡಿಯುವಾಗ ಒಬ್ಬರೇ ಸೌತೆಕಾಯಿ ಕಚ್ಚಿ ಕೂರಲು ಯಾವ ಅಜ್ಜನಿಗೂ, ಯಾವ ಮೊಮ್ಮಗನಿಗೂ ಆಗದು.

ಮಕ್ಕಳೇ, ಇದು ನಿಮಗೆ

ನೀವು ಡಯಟ್ ಮಾಡಬಾರದು. ಊಟ ಬಿಡಬಾರದು. ನೀವಿನ್ನೂ ಎತ್ತರಕ್ಕೆ ಬೆಳೆಯುವವರು. ಎಷ್ಟೋ ಮಕ್ಕಳಿಗೆ ತೂಕ ಈಗಿರುವಷ್ಟೇ ನಿಂತು ಎತ್ತರ ಹೆಚ್ಚಿದರೆ ಸಾಕಾಗುತ್ತದೆ. ಅದನ್ನು ಮಕ್ಕಳ ವೈದ್ಯರು ನೋಡಿ ಹೇಳುತ್ತಾರೆ, ಕನ್ನಡಿಯಲ್ಲ.

ನಿಮ್ಮ ಪಾಲಿನ ಕೆಲಸ ಆಟ. ದಿನಕ್ಕೆ 60 ನಿಮಿಷ ಮೈ ಬೆವರುವಷ್ಟು ಓಡಾಡಬೇಕು. ಒಂದೇ ಸಲ ಆಗಬೇಕೆಂದಿಲ್ಲ. ಶಾಲೆಗೆ ನಡೆದದ್ದು ಹದಿನೈದು ನಿಮಿಷ, ಹಗ್ಗದಾಟ ಹತ್ತು ನಿಮಿಷ, ಸಂಜೆ ಲಗೋರಿ ಅರ್ಧ ಗಂಟೆ ಎಂದು ಕೂಡಿಸಿ. ಕುಂಟೆಬಿಲ್ಲೆಯ ಚೌಕ ಹೇಗೆ ಬರೆಯುವುದೆಂದು ಅಜ್ಜಿಯನ್ನೇ ಕೇಳಿ. ನಿಯಮದಲ್ಲಿ ನಿಮಗಿಂತ ಅವರು ಜೋರು. ರಾತ್ರಿ ಮೊಬೈಲು ಬೇಗ ಕೆಳಗಿಡಿ. ನಿದ್ದೆ ಕಡಿಮೆಯಾದರೆ ಮರುದಿನ ಹಸಿವು ಹೆಚ್ಚು.

ಮಾತು ಬಲ್ಲವರು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಗಾದೆಯ ಮೊದಲರ್ಧವನ್ನು ಹೇಳಿದ್ದಾಯಿತು. ಎರಡನೆಯ ಅರ್ಧಕ್ಕೂ ತೂಕಕ್ಕೂ ನಂಟಿದೆ.

ತೂಕದ ಬಗ್ಗೆ ಹಂಗಿಸಿದರೆ ಛಲ ಬಂದು ಇಳಿಸಿಕೊಳ್ಳುತ್ತಾರೆಂದು ಕೆಲವರ ನಂಬಿಕೆ. ಅಮೆರಿಕದಲ್ಲಿ 110 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹೆಚ್ಚು ಗೇಲಿಗೆ ಒಳಗಾದ ಮಕ್ಕಳಲ್ಲೇ ತೂಕ ಹೆಚ್ಚು ವೇಗವಾಗಿ ಏರಿತ್ತು. ಯೋಚಿಸಿದರೆ ಅರ್ಥವಾಗುತ್ತದೆ. ‘ಕುಂಬಳಕಾಯಿ’ ಎನ್ನಿಸಿಕೊಂಡ ಮಗು ಮೈದಾನಕ್ಕೆ ಹೋಗುವುದನ್ನು ಬಿಡುತ್ತದೆ. ಒಬ್ಬಂಟಿಯಾಗಿ ಕೋಣೆಯಲ್ಲಿ ಕುಳಿತು, ದುಃಖಕ್ಕೆ ಚಿಪ್ಸ್ ಪೊಟ್ಟಣ ಬಿಚ್ಚುತ್ತದೆ. ಬ್ಯಾಂಟಿಂಗ್ ಸಾಹೇಬರು ಜನರ ನಡುವೆ ಓಡಾಡಲು ಅಂಜಿದ್ದೂ ಇದಕ್ಕೇ.

ಅಜ್ಜ ಅಜ್ಜಿಯರೇ, ನೆಂಟರ ಮುಂದೆ ಮೊಮ್ಮಗುವಿನ ಮೈ ಬಗ್ಗೆ ಮಾತು ಬೇಡ. ಅದೇ ಬಾಯಲ್ಲಿ ‘ಇನ್ನೊಂದು ದೋಸೆ ಹಾಕಿಸ್ಕೋ, ನನ್ನಾಣೆ’ ಎಂಬ ಬಲವಂತವೂ ಬೇಡ. ಮಗು ‘ಸಾಕು’ ಎಂದರೆ ಸಾಕು. ನಿಮ್ಮ ಪ್ರೀತಿ ತೋರಿಸಲು ದೋಸೆಯೊಂದೇ ದಾರಿಯಲ್ಲ. ಸಂಜೆ ಕೈ ಹಿಡಿದು ಅರ್ಧ ಗಂಟೆ ನಡೆಸಿಕೊಂಡು ಹೋಗಿ, ದಾರಿಯಲ್ಲಿ ನಿಮ್ಮ ಕಾಲದ ಕತೆ ಹೇಳಿ. ಮಕ್ಕಳೇ, ಅಜ್ಜ ಏಳನೇ ಸಲ ಶೂ ಹಾಕಿಕೊಂಡರೆ ನಗಬೇಡಿ. ‘ನಾನೂ ಬರ್ತೀನಿ, ತಾತ’ ಎನ್ನಿ. ಅಷ್ಟು ಸಾಕು.

ಮೊದಲ ವಾರಕ್ಕೆ ಒಂದು ಪಟ್ಟಿ

ಸೋಮವಾರ: ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಪಟ್ಟಿ ಬರೆಯಿರಿ. ಮನೆಯ ಎಲ್ಲರ ಹೆಸರೂ ಇರಲಿ. ಹತ್ತು ನಿಮಿಷ ನಡೆದು ಬಂದು ಗುರುತು ಹಾಕಿ.

ಮಂಗಳವಾರ: ಕಾಫಿ, ಟೀ, ಹಾಲಿಗೆ ಅರ್ಧ ಚಮಚ ಸಕ್ಕರೆ ಕಡಿಮೆ.

ಬುಧವಾರ: ಕುರ್ಚಿಯಿಂದ ಎದ್ದು ಕೂರುವುದು ಐದು ಸಲ. ಎಣಿಸುವವರು ಮಕ್ಕಳು.

ಗುರುವಾರ: ಸಂಜೆಯ ಕುರುಕಲಿನ ಬದಲು ಬೇಯಿಸಿದ ಕಡಲೆ, ಶೇಂಗಾ, ಸೀಬೆಹಣ್ಣು ಅಥವಾ ಕಲ್ಲಂಗಡಿ.

ಶುಕ್ರವಾರ: ತಟ್ಟೆಗೆ ಪಲ್ಯ ಮೊದಲು, ಅನ್ನ ಆಮೇಲೆ. ಊಟದ ಹೊತ್ತಿನಲ್ಲಿ ಟಿ.ವಿ. ಮತ್ತು ಮೊಬೈಲಿಗೆ ರಜೆ.

ಶನಿವಾರ: ಸಂತೆಗೋ ತರಕಾರಿ ಅಂಗಡಿಗೋ ನಡೆದೇ ಹೋಗಿ. ಮಕ್ಕಳು ಒಂದು ಹೊಸ ತರಕಾರಿ ಆರಿಸಲಿ, ಅಜ್ಜಿ ಅದರ ಅಡುಗೆ ಕಲಿಸಲಿ.

ಭಾನುವಾರ: ಲಗೋರಿ, ಕುಂಟೆಬಿಲ್ಲೆ ಅಥವಾ ಹತ್ತಿರದ ಬೆಟ್ಟ, ಕೆರೆ. ದೊಡ್ಡವರು ಬೇಕಾದರೆ ತೂಕ ನೋಡಿಕೊಳ್ಳಿ, ಮಕ್ಕಳನ್ನು ಯಂತ್ರದ ಮೇಲೆ ನಿಲ್ಲಿಸುವುದು ಬೇಡ.

ಮಾಡಿದ ಅಭ್ಯಾಸವನ್ನು ಮರುದಿನವೂ ಮುಂದುವರಿಸಿ. ವಾರದ ಕೊನೆಗೆ ಪಟ್ಟಿಯಲ್ಲಿ ಕೆಲವು ಮನೆಗಳು ಖಾಲಿ ಉಳಿದರೆ ಉಳಿಯಲಿ. ಅವಕ್ಕೆ ಕೆಂಪು ಗುರುತು ಹಾಕಬೇಡಿ. ಕೆಳಗೆ ಇನ್ನೊಂದು ಗೆರೆ ಎಳೆದು ಮುಂದಿನ ಸೋಮವಾರದ ತಾರೀಕು ಬರೆಯಿರಿ.